ಎಸ್‌ಯುವಿಯ ಸುರಕ್ಷತಾ ಕಡತ: ಸರ್ಕಾರಿ ತನಿಖೆ ಮತ್ತು ರೀಕಾಲ್ ದಾಖಲೆಗಳನ್ನು ಓದುವ ಕ್ರಮ

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳು ಎರಡನೆಯ ಮಗುವಾದಾಗಲೋ, ಊರಿನಿಂದ ಅಪ್ಪ-ಅಮ್ಮ ಕೆಲವು ತಿಂಗಳ ಮಟ್ಟಿಗೆ ಬರುವಾಗಲೋ ಮೂರು ಸಾಲು ಸೀಟಿನ ಎಸ್‌ಯುವಿಯತ್ತ ನೋಡುವುದು ಸಾಮಾನ್ಯ. ಹೊಸದರ ಬೆಲೆ ವಿಚಾರಿಸಿದ ಮೇಲೆ ನಾಲ್ಕೈದು ವರ್ಷ ಓಡಿದ ಗಾಡಿಯೇ ಸಾಕೆಂದು ತೀರ್ಮಾನಿಸುವವರೂ ಬಹಳ ಮಂದಿ. ಬೆಲೆ, ಓಡಿದ ಮೈಲಿ, ಅಪಘಾತದ ಇತಿಹಾಸ ಎಲ್ಲವನ್ನೂ ಕೆದಕಿ ಕೇಳುವ ಇವರು, ಆ ಮಾದರಿಯ ಮೇಲೆ ಸರ್ಕಾರ ನಡೆಸಿರುವ ಸುರಕ್ಷತಾ ತನಿಖೆಗಳ ಕಡತವನ್ನು ತೆರೆದು ನೋಡುವುದು ಕಡಿಮೆ. ನೋಡಿದವರಲ್ಲಿಯೂ ಹಲವರು ದೂರು, ತನಿಖೆ, ರೀಕಾಲ್ ಮೂರನ್ನೂ ಒಟ್ಟಿಗೆ ಸೇರಿಸಿಕೊಂಡು, ದೂರುಗಳ ಸಂಖ್ಯೆ ಕಂಡು ಹೆದರುತ್ತಾರೆ, ಇಲ್ಲವೇ ತನಿಖೆ ಮುಕ್ತಾಯವಾಗಿದೆ ಎಂಬ ಒಂದು ಸಾಲು ಕಂಡು ನಿಶ್ಚಿಂತರಾಗುತ್ತಾರೆ. ದೂರು ಎಂಬುದು ಮಾಲೀಕರ ಮಾತು. ತನಿಖೆ ಎಂಬುದು ಸರ್ಕಾರ ಎತ್ತಿದ ಪ್ರಶ್ನೆ. ರೀಕಾಲ್ ಎಂಬುದು ದೋಷವಿರುವ ಗಾಡಿಗಳನ್ನು ವಾಪಸ್ ಕರೆದು ಸರಿಪಡಿಸಿಕೊಡಲು ಕಂಪನಿ ಕಾನೂನುಬದ್ಧವಾಗಿ ಒಪ್ಪಿಕೊಂಡ ಹೊಣೆ. ಈ ಮೂರನ್ನು ಬೇರೆ ಬೇರೆಯಾಗಿ ಓದಿ, ಕೊನೆಗೆ ನಿಮ್ಮ ಕೈಯಲ್ಲಿರುವ ಗಾಡಿಗೆ ಯಾವುದು ಅನ್ವಯಿಸುತ್ತದೆ ಎಂದು ನೋಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಉದಾಹರಣೆಗೆ ಫೋರ್ಡ್ ಎಕ್ಸ್‌ಪ್ಲೋರರ್ ಅನ್ನು ಆರಿಸಿಕೊಂಡಿದ್ದೇನೆ. ಉಳಿದ ಗಾಡಿಗಳಿಗಿಂತ ಅದು ಕೆಟ್ಟದ್ದೆಂಬ ಅಭಿಪ್ರಾಯ ನನ್ನದಲ್ಲ. 1990ರಿಂದ ಲಕ್ಷಗಟ್ಟಲೆ ಮಾರಾಟವಾಗಿರುವುದರಿಂದ ಅದರ ಕಡತದಲ್ಲಿ ಎಲ್ಲ ಬಗೆಯ ಪ್ರಕರಣಗಳೂ ಸಿಗುತ್ತವೆ: ರೀಕಾಲ್‌ನಲ್ಲಿ ಮುಗಿದ ತನಿಖೆ, ರೀಕಾಲ್ ಇಲ್ಲದೆ ಮುಚ್ಚಿದ ತನಿಖೆ, ತಳ್ಳಿಹಾಕಿದ ಅರ್ಜಿ, ಒಮ್ಮೆ ರಿಪೇರಿ ಮಾಡಿದ್ದನ್ನೇ ಮತ್ತೆ ಮಾಡಬೇಕಾಗಿ ಬಂದ ಪ್ರಸಂಗ.

ಮೊದಲ ಹೆಜ್ಜೆ: ವಿಐಎನ್ ಬರೆದುಕೊಳ್ಳಿ

ಅಮೆರಿಕದಲ್ಲಿ ವಾಹನ ಸುರಕ್ಷತೆಯನ್ನು ನೋಡಿಕೊಳ್ಳುವ ಸಂಸ್ಥೆ ಸಾರಿಗೆ ಇಲಾಖೆಯ ಅಡಿಯಲ್ಲಿರುವ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತ. ಎಲ್ಲರೂ ಕರೆಯುವಂತೆ ಎನ್‌ಎಚ್‌ಟಿಎಸ್‌ಎ. ಅದರ ಜಾಲತಾಣದ ರೀಕಾಲ್ ಪುಟದಲ್ಲಿ ಎರಡು ರೀತಿ ಹುಡುಕಬಹುದು: ಗಾಡಿಯ 17 ಅಕ್ಷರಗಳ ಗುರುತಿನ ಸಂಖ್ಯೆಯಾದ ವಿಐಎನ್ ಕೊಟ್ಟು, ಅಥವಾ ವರ್ಷ, ಕಂಪನಿ, ಮಾದರಿಯ ಹೆಸರು ಕೊಟ್ಟು. ಎರಡನ್ನೂ ಮಾಡಬೇಕು, ಏಕೆಂದರೆ ಎರಡೂ ಕೊಡುವ ಉತ್ತರ ಬೇರೆ ಬೇರೆ.

ವಿಐಎನ್ ಚಾಲಕನ ಬದಿಯ ಮುಂಗಾಜಿನ ಕೆಳಮೂಲೆಯಲ್ಲಿ, ಹೊರಗೆ ನಿಂತು ನೋಡಿದರೆ ಕಾಣುವಂತೆ ಇರುತ್ತದೆ. ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಅಂಟಿಸಿರುವ ಚೀಟಿಯಲ್ಲಿಯೂ ಇರುತ್ತದೆ. ಅದರಲ್ಲಿ ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳು ಬರುವುದೇ ಇಲ್ಲ. ಹಾಗಾಗಿ ಸೊನ್ನೆಯಂತೆ ಕಂಡದ್ದು ಸೊನ್ನೆಯೇ, ಒಂದರಂತೆ ಕಂಡದ್ದು ಒಂದೇ. ಎಡದಿಂದ ಹತ್ತನೆಯ ಅಕ್ಷರ ಮಾದರಿ ವರ್ಷವನ್ನು ಹೇಳುತ್ತದೆ: ಎಲ್ ಎಂದರೆ 2020, ಎಮ್ ಎಂದರೆ 2021, ಎನ್ ಎಂದರೆ 2022. ಇದು ಗಾಡಿ ಕಾರ್ಖಾನೆಯಿಂದ ಹೊರಬಂದ ವರ್ಷವೇ ಆಗಿರಬೇಕಿಲ್ಲ. 2022ರ ಮಾದರಿ ಎಂದು ಮಾರಿದ ಗಾಡಿ 2021ರಲ್ಲಿಯೇ ತಯಾರಾಗಿರಬಹುದು. ರೀಕಾಲ್‌ಗಳನ್ನು ಎಷ್ಟೋ ಸಲ ತಯಾರಿಕೆಯ ದಿನಾಂಕಗಳ ನಡುವಿನ ಅವಧಿಗೆ ಸೀಮಿತಗೊಳಿಸಿರುತ್ತಾರಾದ್ದರಿಂದ ಬಾಗಿಲಿನ ಚೀಟಿಯಲ್ಲಿರುವ ತಿಂಗಳು-ವರ್ಷವನ್ನೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ವಿಐಎನ್ ಹುಡುಕಾಟ ತೋರಿಸುವುದು ಇನ್ನೂ ರಿಪೇರಿಯಾಗದೆ ಉಳಿದಿರುವ ರೀಕಾಲ್‌ಗಳನ್ನು ಮಾತ್ರ. ರಿಪೇರಿ ಮುಗಿದದ್ದನ್ನು ಅದು ತೋರಿಸುವುದಿಲ್ಲ. ತೀರ ಈಚೆಗೆ ಘೋಷಣೆಯಾಗಿ, ಯಾವ ಯಾವ ಗಾಡಿಗಳು ಸೇರುತ್ತವೆಂದು ಕಂಪನಿ ಇನ್ನೂ ಪಟ್ಟಿ ಹಾಕಿ ಮುಗಿಸದ ರೀಕಾಲ್ ಕೂಡ ಕಾಣಿಸದೆ ಹೋಗಬಹುದು. ಹದಿನೈದು ವರ್ಷಕ್ಕಿಂತ ಹಳೆಯ ರೀಕಾಲ್‌ಗಳ ವಿಷಯದಲ್ಲಿಯೂ ಅದನ್ನು ನೆಚ್ಚುವಂತಿಲ್ಲ. ಆದ್ದರಿಂದ ಸೊನ್ನೆ ಎಂಬ ಉತ್ತರ ಬಂದರೆ ಅದು ಅಂದಿನ ದಿನದ ಉತ್ತರ ಎಂದಷ್ಟೇ ತಿಳಿಯಬೇಕು.

ಎರಡನೆಯ ಹೆಜ್ಜೆ: ಮಾದರಿಯ ಪುಟ ತೆರೆಯಿರಿ

ವರ್ಷ ಮತ್ತು ಮಾದರಿ ಕೊಟ್ಟು ಹುಡುಕಿದಾಗ ರೀಕಾಲ್, ತನಿಖೆ, ದೂರು, ಹಾಗೂ ಕಂಪನಿ ತನ್ನ ಡೀಲರ್‌ಗಳಿಗೆ ಕಳಿಸಿದ ಸುತ್ತೋಲೆಗಳು ಎಂದು ನಾಲ್ಕು ವಿಭಾಗಗಳು ಸಿಗುತ್ತವೆ. ಜನ ಸಾಮಾನ್ಯವಾಗಿ ಮೊದಲನೆಯದನ್ನು ನೋಡಿ ಪುಟ ಮುಚ್ಚಿಬಿಡುತ್ತಾರೆ. ನನ್ನ ಮಟ್ಟಿಗೆ ಕೊನೆಯ ವಿಭಾಗವೇ ಹೆಚ್ಚು ಉಪಯುಕ್ತ. ಇಂಥ ಸದ್ದು ಬಂದರೆ ಇಂಥ ಭಾಗ ಬದಲಿಸಿ ಎಂದು ಕಂಪನಿ ತನ್ನ ಮೆಕ್ಯಾನಿಕ್‌ಗಳಿಗೆ ಬರೆದಿರುವ ತಾಂತ್ರಿಕ ಸುತ್ತೋಲೆ ರೀಕಾಲ್ ಅಲ್ಲ, ಅದರ ಪ್ರಕಾರದ ರಿಪೇರಿ ವಾರಂಟಿ ಮುಗಿದ ಮೇಲೆ ಉಚಿತವೂ ಅಲ್ಲ. ಆದರೆ ನಿಮ್ಮ ಗಾಡಿಯ ತೊಂದರೆ ಕಂಪನಿಗೆ ಮೊದಲೇ ಗೊತ್ತಿತ್ತು ಎಂಬುದಕ್ಕೆ ಅದಕ್ಕಿಂತ ನೇರವಾದ ಪುರಾವೆ ಮಾಲೀಕನಿಗೆ ಬೇರೆ ದೊರೆಯುವುದು ಕಷ್ಟ. ಡೀಲರ್‌ನ ಸರ್ವಿಸ್ ಕೌಂಟರಿನಲ್ಲಿ ಆ ಸುತ್ತೋಲೆಯ ಸಂಖ್ಯೆ ಹೇಳಿದರೆ ಮಾತುಕತೆಯ ಧಾಟಿಯೇ ಬದಲಾಗುತ್ತದೆ.

ದೂರುಗಳ ವಿಭಾಗವನ್ನು ಓದುವಾಗ ಒಟ್ಟು ಸಂಖ್ಯೆಯನ್ನು ಬಿಟ್ಟು, ಒಂದೇ ಭಾಗದ ಬಗ್ಗೆ, ಒಂದೇ ರೀತಿಯ ಸನ್ನಿವೇಶದಲ್ಲಿ ಬಂದಿರುವ ದೂರುಗಳಿವೆಯೇ ಎಂದು ನೋಡಬೇಕು. ಹೆಚ್ಚು ಮಾರಾಟವಾದ ಗಾಡಿಗೆ ಹೆಚ್ಚು ದೂರು ಸಹಜ. ಅಲ್ಲದೆ ಅವು ಮಾಲೀಕರು ತಾವಾಗಿ ಬರೆದವು, ಯಾರೂ ಪರಿಶೀಲಿಸಿ ದೃಢಪಡಿಸಿದವುಗಳಲ್ಲ. ಸ್ಟೀರಿಯೋ ಕೆಲಸ ಮಾಡುವುದಿಲ್ಲ ಎಂಬಂಥ ಮೂವತ್ತು ದೂರುಗಳಿಗಿಂತ, ಗೇರನ್ನು ಪಾರ್ಕ್‌ನಲ್ಲಿಟ್ಟು ನಿಲ್ಲಿಸಿದ್ದ ಗಾಡಿ ತಾನಾಗಿ ಉರುಳಿತು ಎಂಬ ಮೂರು ದೂರು ಹೆಚ್ಚು ತೂಕದವು.

ಮೂರನೆಯ ಹೆಜ್ಜೆ: ತನಿಖೆ ಯಾವ ಹಂತದಲ್ಲಿದೆ ಎಂದು ಗುರುತಿಸಿ

ಪ್ರತಿಯೊಂದು ತನಿಖೆಗೂ ಒಂದು ಸಂಖ್ಯೆ ಇರುತ್ತದೆ, ಅದರ ಮೊದಲ ಎರಡು ಅಕ್ಷರಗಳು ಹಂತವನ್ನು ಹೇಳುತ್ತವೆ. ಪಿಇ ಎಂದರೆ ಪ್ರಾಥಮಿಕ ಪರಿಶೀಲನೆ: ದೂರುಗಳಲ್ಲಿ ಹುರುಳಿದೆಯೆಂದು ಕಂಡಾಗ ಸಂಸ್ಥೆ ಕಂಪನಿಗೆ ಪತ್ರ ಬರೆದು ಅದರ ಬಳಿಯಿರುವ ದೂರು, ವಾರಂಟಿ ಕ್ಲೇಮು, ಪರೀಕ್ಷಾ ವರದಿಗಳನ್ನು ಕೇಳುತ್ತದೆ. ಇಎ ಎಂದರೆ ಎಂಜಿನಿಯರಿಂಗ್ ವಿಶ್ಲೇಷಣೆ: ಇಲ್ಲಿ ಸಂಸ್ಥೆಯೇ ಗಾಡಿಗಳನ್ನು ಪರೀಕ್ಷಿಸುವ, ಮಾಲೀಕರನ್ನು ಸಂದರ್ಶಿಸುವ ಮಟ್ಟಕ್ಕೆ ಹೋಗುತ್ತದೆ. ಡಿಪಿ ಎಂದರೆ ಹೊರಗಿನವರು ತನಿಖೆ ನಡೆಸಿರೆಂದು ಕೊಟ್ಟ ಅರ್ಜಿ. ಆರ್‌ಕ್ಯೂ ಎಂದರೆ ಈಗಾಗಲೇ ನಡೆದ ರೀಕಾಲ್ ಸಾಕಷ್ಟಿತ್ತೇ, ಅದರ ಪರಿಹಾರ ಕೆಲಸ ಮಾಡಿತೇ ಎಂಬ ಪ್ರಶ್ನೆ.

ಪಿಇ ಕಂಡಕೂಡಲೇ ಗಾಡಿ ಕೈಬಿಡಬೇಕಿಲ್ಲ. ಎಕ್ಸ್‌ಪ್ಲೋರರ್‌ನ 2011ರಿಂದ 2019ರವರೆಗಿನ ಮಾದರಿಗಳಲ್ಲಿ ಮುಂಗಾಜಿನ ಪಕ್ಕದ ಕಂಬದ ಮೇಲಿನ ಅಲಂಕಾರಪಟ್ಟಿ ಓಡುವಾಗ ಕಿತ್ತು ಹಾರಿಹೋಗುತ್ತದೆಂಬ ದೂರುಗಳ ಮೇಲೆ 2023ರಲ್ಲಿ ಇಂಥ ಪರಿಶೀಲನೆ ಆರಂಭವಾಯಿತು. 2024ರ ಜನವರಿಯಲ್ಲಿ ಸುಮಾರು 19 ಲಕ್ಷ ಗಾಡಿಗಳ ರೀಕಾಲ್‌ನಲ್ಲಿ ಅದು ಮುಗಿಯಿತು. ಅಪಾಯ ಹಿಂದೆ ಬರುವ ಗಾಡಿಯವರಿಗೆ, ಅದರಲ್ಲೂ ಮೋಟಾರ್‌ಸೈಕಲ್ ಸವಾರರಿಗೆ. ರಿಪೇರಿಯಂತೂ ಪಟ್ಟಿಯನ್ನು ಭದ್ರವಾಗಿ ಕೂರಿಸುವ ಸಣ್ಣ ಕೆಲಸ. ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ದೋಷ ದೊಡ್ಡದಲ್ಲ.

ಇದಕ್ಕೆ ವಿರುದ್ಧವಾದ ಪ್ರಕರಣ ಹೊಗೆಯದು. ಎಕ್ಸ್‌ಪ್ಲೋರರ್‌ನೊಳಗೆ ಎಕ್ಸಾಸ್ಟ್ ವಾಸನೆ ಬರುತ್ತದೆ, ಕಾರ್ಬನ್ ಮೊನಾಕ್ಸೈಡ್ ಸೇರುತ್ತದೆ ಎಂಬ ದೂರುಗಳ ಮೇಲೆ 2016ರ ಜುಲೈನಲ್ಲಿ ಪಿಇ ತೆರೆಯಲಾಯಿತು. ಒಂದು ವರ್ಷದ ನಂತರ, 2017ರ ಜುಲೈನಲ್ಲಿ, ಅದು 2011ರಿಂದ 2017ರವರೆಗಿನ ಮಾದರಿಗಳ 13 ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ಒಳಗೊಂಡ ಇಎ ಆಗಿ ಬೆಳೆಯಿತು. ಪೊಲೀಸರು ಬಳಸುವ ಎಕ್ಸ್‌ಪ್ಲೋರರ್‌ಗಳಲ್ಲಿ ಅಧಿಕಾರಿಗಳಿಗೆ ತಲೆಸುತ್ತು ಬಂದ ವರದಿಗಳು ಆಗ ಸುದ್ದಿಯಾಗಿದ್ದವು. ಫೋರ್ಡ್ ರೀಕಾಲ್ ಮಾಡಲಿಲ್ಲ. ಅದರ ಬದಲು ಗ್ರಾಹಕರ ಸಮಾಧಾನಕ್ಕೆಂದು ಒಂದು ಉಚಿತ ಸರ್ವಿಸ್ ಯೋಜನೆ ಘೋಷಿಸಿತು. 2023ರ ಜನವರಿಯಲ್ಲಿ, ಆರು ವರ್ಷ ದಾಟಿದ ಮೇಲೆ, ಸುರಕ್ಷತಾ ದೋಷ ಕಂಡುಬಂದಿಲ್ಲವೆಂದು ಸಂಸ್ಥೆ ತನಿಖೆಯನ್ನು ಮುಚ್ಚಿತು. ಆದರೆ ಮುಕ್ತಾಯದ ವರದಿಯನ್ನು ಪೂರ್ತಿ ಓದಿದವರಿಗೆ ಇನ್ನೊಂದು ಸಂಗತಿ ಸಿಗುತ್ತದೆ: ಹಿಂಭಾಗಕ್ಕೆ ಪೆಟ್ಟು ಬಿದ್ದು ಸರಿಯಾಗಿ ದುರಸ್ತಿಯಾಗದ ಗಾಡಿಗಳಲ್ಲಿ ಮತ್ತು ದೀಪ, ತಂತಿಗಳಿಗೆಂದು ರಂಧ್ರ ಕೊರೆದು ಅದನ್ನು ಮುಚ್ಚದೆ ಬಿಟ್ಟ ಪೊಲೀಸ್ ಗಾಡಿಗಳಲ್ಲಿ ಹೊಗೆ ಒಳನುಗ್ಗುವ ಸಾಧ್ಯತೆ ಹೆಚ್ಚಾಗಿತ್ತು. ಹರಾಜಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಪೊಲೀಸ್ ಎಕ್ಸ್‌ಪ್ಲೋರರ್ ಕೊಳ್ಳಹೊರಟವರಿಗೆ ಈ ಒಂದು ವಾಕ್ಯ ಇಡೀ ಕಡತಕ್ಕಿಂತ ಬೆಲೆಯುಳ್ಳದ್ದು. ತನಿಖೆ ಮುಚ್ಚಿದೆ ಎಂಬುದನ್ನು ಅದು ಹೇಗೆ ಮುಚ್ಚಿತು ಎಂಬುದರ ಜೊತೆಗೇ ಓದಬೇಕು ಎನ್ನುವುದು ಇದಕ್ಕಾಗಿ.

ಇಂದಿನ ವ್ಯವಸ್ಥೆ ಈ ರೂಪ ಪಡೆದದ್ದಕ್ಕೂ ಎಕ್ಸ್‌ಪ್ಲೋರರ್‌ಗೂ ಸಂಬಂಧವಿದೆ. ಆ ಗಾಡಿಗೆ ಹಾಕಿ ಕೊಡುತ್ತಿದ್ದ ಫೈರ್‌ಸ್ಟೋನ್ ಟೈರುಗಳ ಮೇಲ್ಪದರ ವೇಗದಲ್ಲಿ ಕಿತ್ತುಬಂದು ಗಾಡಿಗಳು ಪಲ್ಟಿಯಾಗುತ್ತಿದ್ದ ಬಗ್ಗೆ 2000ದ ಮೇ ತಿಂಗಳಲ್ಲಿ ತನಿಖೆ ಆರಂಭವಾಯಿತು. ಆಗಸ್ಟ್ 9ರಂದು ಫೈರ್‌ಸ್ಟೋನ್ ಸುಮಾರು 65 ಲಕ್ಷ ಟೈರುಗಳ ರೀಕಾಲ್ ಘೋಷಿಸಿತು. ಎನ್‌ಎಚ್‌ಟಿಎಸ್‌ಎಗೆ ಬಂದ ವರದಿಗಳ ಪ್ರಕಾರ 271 ಮಂದಿ ಸತ್ತಿದ್ದರು. ಅದಕ್ಕೆ ಮುಂಚೆಯೇ ಕೊಲ್ಲಿ ದೇಶಗಳಲ್ಲಿ ಮತ್ತು ವೆನೆಜುವೆಲಾದಲ್ಲಿ ಫೋರ್ಡ್ ಇಂಥ ಟೈರುಗಳನ್ನು ಬದಲಿಸಿಕೊಡುತ್ತಿತ್ತು ಎಂಬುದು ಆಮೇಲೆ ಬೆಳಕಿಗೆ ಬಂತು. ಅದೇ ವರ್ಷ ನವೆಂಬರ್ 1ರಂದು ಸಹಿಯಾದ ಟ್ರೆಡ್ ಕಾಯ್ದೆ, ಹೊರದೇಶಗಳಲ್ಲಿ ನಡೆಸುವ ರೀಕಾಲ್‌ಗಳನ್ನೂ, ಸಾವು-ಗಾಯದ ಕ್ಲೇಮುಗಳನ್ನೂ ಕಂಪನಿಗಳು ಸರ್ಕಾರಕ್ಕೆ ವರದಿ ಮಾಡಬೇಕೆಂದು ಕಡ್ಡಾಯ ಮಾಡಿದ್ದು ಈ ಕಾರಣದಿಂದ. ದೋಷ ಟೈರಿನದಲ್ಲ, ಗಾಡಿಯದು, ಅದನ್ನೂ ತನಿಖೆ ಮಾಡಿ ಎಂದು ಫೈರ್‌ಸ್ಟೋನ್ ಕೊಟ್ಟ ಅರ್ಜಿಯನ್ನು 2002ರ ಫೆಬ್ರವರಿಯಲ್ಲಿ ತಳ್ಳಿಹಾಕಲಾಯಿತು. ಕಡತದಲ್ಲಿ ಡಿಪಿ ಎಂದು ಕಂಡರೆ ಅರ್ಜಿ ಕೊಟ್ಟವರು ಯಾರು, ಅವರ ಹಿತಾಸಕ್ತಿ ಏನು ಎಂದು ನೋಡುವುದು ಅಗತ್ಯ.

ನಾಲ್ಕನೆಯ ಹೆಜ್ಜೆ: ರೀಕಾಲ್‌ನಲ್ಲಿ ಪರಿಹಾರದ ಭಾಗವನ್ನು ಓದಿ

ರೀಕಾಲ್ ಸಂಖ್ಯೆಯ ಮೊದಲೆರಡು ಅಂಕಿ ವರ್ಷ. ನಡುವಿನ ಅಕ್ಷರ ವಿ ಆಗಿದ್ದರೆ ವಾಹನ, ಟಿ ಆಗಿದ್ದರೆ ಟೈರು, ಇ ಆಗಿದ್ದರೆ ಬಿಡಿಭಾಗ. ಅದರ ಕೆಳಗೆ ದೋಷವೇನು, ಅದರಿಂದ ಆಗಬಹುದಾದ ಅಪಾಯವೇನು, ಪರಿಹಾರವೇನು ಎಂಬ ಮೂರು ಸಣ್ಣ ಪ್ಯಾರಾಗಳಿರುತ್ತವೆ. ಮೊದಲೆರಡನ್ನು ಎಲ್ಲರೂ ಓದುತ್ತಾರೆ. ಮೂರನೆಯದನ್ನು ಎಚ್ಚರಿಕೆಯಿಂದ ಓದಬೇಕು.

22ವಿ255 ಎಂಬ ರೀಕಾಲ್ ತೆಗೆದುಕೊಳ್ಳಿ. 2020ರಿಂದ 2022ರವರೆಗಿನ ಮಾದರಿಯ ಸುಮಾರು 2.5 ಲಕ್ಷ ಎಕ್ಸ್‌ಪ್ಲೋರರ್‌ಗಳಲ್ಲಿ ಹಿಂದಿನ ಆಕ್ಸಲ್ಲನ್ನು ಹಿಡಿದಿರುವ ಅಡ್ಡ ಬೋಲ್ಟ್ ಮುರಿಯಬಹುದಿತ್ತು. ಮುರಿದರೆ ಚಕ್ರಗಳಿಗೆ ಶಕ್ತಿ ಸಾಗಿಸುವ ಶಾಫ್ಟ್ ಕಳಚಿಕೊಂಡು, ಪಾರ್ಕ್‌ನಲ್ಲಿಟ್ಟ ಗಾಡಿಯೂ ಇಳಿಜಾರಿನಲ್ಲಿ ಉರುಳಬಹುದಿತ್ತು. 2022ರಲ್ಲಿ ಇದಕ್ಕೆ ಕಂಪನಿ ಸೂಚಿಸಿದ ಪರಿಹಾರ ಬೋಲ್ಟಿನದಲ್ಲ, ಸಾಫ್ಟ್‌ವೇರಿನದು: ಬೋಲ್ಟ್ ಮುರಿದ ಸಂದರ್ಭದಲ್ಲಿ ಪಾರ್ಕಿಂಗ್ ಬ್ರೇಕ್ ತಾನಾಗಿ ಬೀಳುವಂತೆ ಮಾಡಿದರು. ಬೋಲ್ಟ್ ಮುರಿಯುವ ಕಾರಣ ಹಾಗೆಯೇ ಉಳಿಯಿತು. ಓಡುತ್ತಿರುವಾಗಲೇ ಪಾರ್ಕಿಂಗ್ ಬ್ರೇಕ್ ಬಿತ್ತೆಂಬ ದೂರುಗಳು ಬಂದ ಮೇಲೆ 2023ರ ಜೂನ್‌ನಲ್ಲಿ ಎನ್‌ಎಚ್‌ಟಿಎಸ್‌ಎ ಆರ್‌ಕ್ಯೂ ತೆರೆಯಿತು. ಅಕ್ಟೋಬರ್‌ನಲ್ಲಿ ಫೋರ್ಡ್ 2,38,364 ಗಾಡಿಗಳನ್ನು ಹೊಸದಾಗಿ ರೀಕಾಲ್ ಮಾಡಿ, ಈ ಸಲ ಆಕ್ಸಲ್‌ನ ಬುಶ್ ಮತ್ತು ಮುಚ್ಚಳವನ್ನೇ ಬದಲಿಸಿಕೊಡುವುದಾಗಿ ಹೇಳಿತು. ಮೊದಲ ರೀಕಾಲ್ ಮಾಡಿಸಿಕೊಂಡವರೂ ಎರಡನೆಯದಕ್ಕೆ ಮತ್ತೆ ಹೋಗಬೇಕಾಯಿತು. ಮಾರುವವನು ತೋರಿಸುವ 2022ರ ರಸೀದಿ ನಿಜವೇ ಇರಬಹುದು, ಆದರೂ ರಿಪೇರಿ ಪೂರ್ತಿಯಾಗಿಲ್ಲ. ಯಾಂತ್ರಿಕ ದೋಷಕ್ಕೆ ಸಾಫ್ಟ್‌ವೇರ್ ಪರಿಹಾರ ಕೊಟ್ಟಿರುವುದು ಕಂಡಾಗಲೆಲ್ಲ ಅದೇ ಭಾಗದ ಬಗ್ಗೆ ನಂತರದ ದೂರುಗಳನ್ನು ಹುಡುಕಿ ನೋಡುವುದು ನನ್ನ ಪದ್ಧತಿ.

ಕೆಲವು ರೀಕಾಲ್‌ಗಳ ಜೊತೆಗೆ ಓಡಿಸಬೇಡಿ ಅಥವಾ ಮನೆಯಿಂದ ದೂರ, ಹೊರಗೆ ನಿಲ್ಲಿಸಿ ಎಂಬ ಸೂಚನೆ ಇರುತ್ತದೆ. 2022ರ ಮೇ ತಿಂಗಳಲ್ಲಿ 2021ರ ಮಾದರಿಯ ಫೋರ್ಡ್ ಎಕ್ಸ್‌ಪೆಡಿಶನ್ ಮತ್ತು ಲಿಂಕನ್ ನ್ಯಾವಿಗೇಟರ್ ಸೇರಿ ಸುಮಾರು 39 ಸಾವಿರ ಎಸ್‌ಯುವಿಗಳಿಗೆ, ಆಫ್ ಮಾಡಿ ನಿಲ್ಲಿಸಿದ್ದಾಗಲೂ ಎಂಜಿನ್ ಭಾಗದಲ್ಲಿ ಬೆಂಕಿ ಹೊತ್ತಬಹುದೆಂದು ಇಂಥ ಸೂಚನೆ ಕೊಟ್ಟಿದ್ದರು. ಈ ಸೂಚನೆ ಕಂಡರೆ ಅಪಾಯಿಂಟ್‌ಮೆಂಟ್ ಸಿಗುವ ದಿನದವರೆಗೆ ಕಾಯದೆ ಅಂದೇ ಗಾಡಿಯನ್ನು ಗ್ಯಾರೇಜಿನಿಂದ ಹೊರತೆಗೆಯಬೇಕು.

ಐದನೆಯ ಹೆಜ್ಜೆ: ಪತ್ರ, ಡೀಲರ್, ರಸೀದಿ

ದೋಷ ಇದೆಯೆಂದು ತೀರ್ಮಾನಿಸಿದ ಐದು ಕೆಲಸದ ದಿನಗಳೊಳಗೆ ಕಂಪನಿ ಎನ್‌ಎಚ್‌ಟಿಎಸ್‌ಎಗೆ ತಿಳಿಸಬೇಕು. ನಂತರ 60 ದಿನಗಳೊಳಗೆ ಮಾಲೀಕರಿಗೆ ಅಂಚೆಯಲ್ಲಿ ಪತ್ರ ಕಳಿಸಬೇಕು. ಬದಲಿ ಭಾಗ ಇನ್ನೂ ತಯಾರಿಲ್ಲದಿದ್ದರೆ ಮೊದಲು ಮಾಹಿತಿಯ ಪತ್ರ, ಭಾಗ ಬಂದಾಗ ಎರಡನೆಯ ಪತ್ರ ಬರುತ್ತದೆ. ಎಚ್-1ಬಿ ಕೆಲಸದ ಮೇಲೆ ರಾಜ್ಯದಿಂದ ರಾಜ್ಯಕ್ಕೆ ಮನೆ ಬದಲಿಸುವವರಿಗೆ ಈ ಪತ್ರಗಳು ತಲುಪದೆ ಹೋಗುವುದೇ ಹೆಚ್ಚು. ವಿಳಾಸ ಬದಲಾದಾಗ ರಿಜಿಸ್ಟ್ರೇಶನ್ ಜೊತೆಗೆ ಕಂಪನಿಯ ಮಾಲೀಕರ ಖಾತೆಯಲ್ಲಿಯೂ ವಿಳಾಸ ತಿದ್ದಬೇಕು. ಎನ್‌ಎಚ್‌ಟಿಎಸ್‌ಎಯ ಸೇಫರ್‌ಕಾರ್ ಆ್ಯಪ್‌ನಲ್ಲಿ ಗಾಡಿಯ ವಿವರ ಹಾಕಿಟ್ಟರೆ ಹೊಸ ರೀಕಾಲ್ ಬಂದಾಗ ಫೋನಿಗೇ ಸೂಚನೆ ಬರುತ್ತದೆ.

ರೀಕಾಲ್ ರಿಪೇರಿಗೆ ಹಣ ಕೊಡಬೇಕಿಲ್ಲ. ಮೊದಲು ಮಾರಾಟವಾಗಿ 15 ವರ್ಷ ಮೀರದ ಗಾಡಿಗೆ ಇದು ಕಾನೂನಿನ ಹಕ್ಕು. ನೀವು ಎಷ್ಟನೆಯ ಮಾಲೀಕರು, ಎಲ್ಲಿ ಕೊಂಡಿರಿ ಎಂಬುದು ಮುಖ್ಯವಲ್ಲ. ಆ ಕಂಪನಿಯ ಯಾವ ಡೀಲರ್ ಬಳಿಗಾದರೂ ಹೋಗಬಹುದು. ರೀಕಾಲ್ ಘೋಷಣೆಗೆ ಮುಂಚೆಯೇ ಅದೇ ದೋಷಕ್ಕೆ ಕೈಯಿಂದ ಖರ್ಚು ಮಾಡಿದ್ದರೆ, ಪತ್ರದಲ್ಲಿ ಹೇಳಿರುವ ಕ್ರಮದಂತೆ ಬಿಲ್ ಕಳಿಸಿ ಹಣ ವಾಪಸ್ ಕೇಳಬಹುದು. ಹಳೆಯ ಬಿಲ್ಲುಗಳನ್ನು ಎಸೆಯಬಾರದೆನ್ನುವುದು ಇದಕ್ಕೇ. ಡೀಲರ್ ನಿರಾಕರಿಸಿದರೆ ಮೊದಲು ಸರ್ವಿಸ್ ಮ್ಯಾನೇಜರ್, ಆಮೇಲೆ ಕಂಪನಿಯ ಗ್ರಾಹಕ ವಿಭಾಗ, ಅದೂ ಫಲಿಸದಿದ್ದರೆ ಎನ್‌ಎಚ್‌ಟಿಎಸ್‌ಎಯ 1-888-327-4236. ಕೆಲಸ ಮುಗಿದ ಮೇಲೆ ರೀಕಾಲ್ ಸಂಖ್ಯೆ ನಮೂದಾಗಿರುವ ರಿಪೇರಿ ಆರ್ಡರ್ ಕೇಳಿ ಪಡೆದು, ಕೆಲವು ದಿನಗಳ ನಂತರ ವಿಐಎನ್ ಹಾಕಿ ಮತ್ತೊಮ್ಮೆ ನೋಡಬೇಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಒಂದು ವಿಷಯ ತಿಳಿದಿರಬೇಕು. ಬಾಕಿ ರೀಕಾಲ್ ಇರುವ ಹೊಸ ಗಾಡಿಯನ್ನು ಡೀಲರ್ ಮಾರುವಂತಿಲ್ಲ. 35ಕ್ಕಿಂತ ಹೆಚ್ಚು ಗಾಡಿಗಳಿರುವ ಬಾಡಿಗೆ ಕಂಪನಿಗಳು ಅಂಥದ್ದನ್ನು ಬಾಡಿಗೆಗೆ ಕೊಡುವಂತಿಲ್ಲ. ಬಳಸಿದ ಗಾಡಿಯ ಮಾರಾಟಕ್ಕೆ ಮಾತ್ರ ಅಂಥ ಕೇಂದ್ರ ನಿರ್ಬಂಧವಿಲ್ಲ. ಅಂದರೆ ಗಾಡಿ ನೋಡಲು ಹೋದಾಗ, ಬೆಲೆಯ ಮಾತಿಗೆ ಮೊದಲು, ಮುಂಗಾಜಿನ ಮೂಲೆಯ ವಿಐಎನ್ ಅನ್ನು ಫೋನಿನಲ್ಲಿ ಹಾಕಿ ನೋಡುವ ಕೆಲಸ ನಿಮ್ಮದೇ.

ಆರನೆಯ ಹೆಜ್ಜೆ: ತೊಂದರೆ ಕಂಡರೆ ದೂರು ಬರೆಯಿರಿ

ಇಷ್ಟು ದೂರುಗಳಾದರೆ ತನಿಖೆ ಎಂಬ ಲೆಕ್ಕ ಅಮೆರಿಕದಲ್ಲಿಲ್ಲ. ಅಪಾಯದ ಸ್ವರೂಪ ನೋಡಿ ಸಂಸ್ಥೆ ನಿರ್ಧರಿಸುತ್ತದೆ. ಹಾಗಾಗಿ ದೂರಿನ ಗುಣ ಮುಖ್ಯ. "ಗಾಡಿ ಬಹಳ ಕೆಟ್ಟದು, ಯಾರೂ ಕೊಳ್ಳಬೇಡಿ" ಎಂಬ ದೂರಿನಿಂದ ಎಂಜಿನಿಯರ್‌ಗೆ ಏನೂ ಸಿಗುವುದಿಲ್ಲ. "ಹೆದ್ದಾರಿಯಲ್ಲಿ ಗಂಟೆಗೆ 60 ಮೈಲಿ ವೇಗದಲ್ಲಿ, ಒಣ ರಸ್ತೆಯಲ್ಲಿ, ಬ್ರೇಕ್ ಮುಟ್ಟದಿದ್ದಾಗ ಪಾರ್ಕಿಂಗ್ ಬ್ರೇಕಿನ ದೀಪ ಹೊತ್ತಿ ಗಾಡಿ ಎಳೆದುಕೊಂಡು ನಿಂತಿತು, ಆಗ ಓಡಿದ್ದು 41 ಸಾವಿರ ಮೈಲಿ, ರೀಕಾಲ್ ಸಾಫ್ಟ್‌ವೇರ್ ಹಾಕಿಸಿ ಮೂರು ತಿಂಗಳಾಗಿತ್ತು, ಡೀಲರ್ ದೋಷದ ಕೋಡ್ ತೆಗೆದಿದ್ದಾರೆ" ಎಂಬ ರೀತಿಯದು ಕೆಲಸಕ್ಕೆ ಬರುತ್ತದೆ. ವಿಐಎನ್ ಅನ್ನು ಅದಕ್ಕೆಂದೇ ಇರುವ ಕಲಮಿನಲ್ಲಿ ಕೊಡಿ, ವಿವರಣೆಯ ಭಾಗದಲ್ಲಿ ಹೆಸರು, ಫೋನ್ ಬರೆಯಬೇಡಿ; ಆ ಭಾಗ ಸಾರ್ವಜನಿಕವಾಗಿ ಪ್ರಕಟವಾಗುತ್ತದೆ. ಮುರಿದ ಭಾಗವನ್ನು ಬದಲಿಸಿದಾಗ ಹಳೆಯದನ್ನು ಕೇಳಿ ಪಡೆದು ಇಟ್ಟುಕೊಳ್ಳುವುದು ಜಾಣತನ, ತನಿಖಾಧಿಕಾರಿಗಳು ಅದನ್ನು ಕೇಳುವುದುಂಟು.

ದೂರುಗಳಿಗೆ ಕಂಪನಿಗಳು ಎಷ್ಟು ಬೇಗ ಸ್ಪಂದಿಸಬೇಕೆಂಬುದು ಸೌಜನ್ಯದ ಪ್ರಶ್ನೆಯೇನಲ್ಲ. ಹಿಂಬದಿ ಕ್ಯಾಮೆರಾ ದೋಷದ ರೀಕಾಲನ್ನು ಸಕಾಲದಲ್ಲಿ ಮಾಡಲಿಲ್ಲವೆಂಬುದೂ ಸೇರಿದಂತೆ ಹಲವು ಲೋಪಗಳಿಗಾಗಿ 2024ರ ನವೆಂಬರ್‌ನಲ್ಲಿ ಫೋರ್ಡ್ 16.5 ಕೋಟಿ ಡಾಲರ್ ದಂಡದ ಒಪ್ಪಂದಕ್ಕೆ ಬರಬೇಕಾಯಿತು.

ಭಾರತದಲ್ಲಿರುವವರಿಗೆ

ಕರ್ನಾಟಕದಲ್ಲಿ ಗಾಡಿ ಇಟ್ಟುಕೊಂಡವರಿಗೆ ವ್ಯವಸ್ಥೆ ಬೇರೆ. ವಾಹನ ತಯಾರಕರ ಸಂಘ ಸಿಯಾಮ್ 2012ರಲ್ಲಿ ಸ್ವಯಂಪ್ರೇರಿತ ರೀಕಾಲ್‌ಗೆ ಒಂದು ಸಂಹಿತೆ ರೂಪಿಸಿತ್ತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ, ರೀಕಾಲ್‌ಗೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ತಯಾರಾಗಿ ಏಳು ವರ್ಷ ಮೀರದ ವಾಹನಗಳಿಗೆ ಇವು ಅನ್ವಯ. ಇಲ್ಲಿ ಅಮೆರಿಕದಂತಲ್ಲದೆ, ವಾರ್ಷಿಕ ಮಾರಾಟಕ್ಕೆ ತಕ್ಕಂತೆ ನಿಗದಿಪಡಿಸಿದ ಸಂಖ್ಯೆಯ ದೂರುಗಳು ಬಂದಾಗ ಕಡ್ಡಾಯ ರೀಕಾಲ್ ಪ್ರಕ್ರಿಯೆ ಶುರುವಾಗುತ್ತದೆ. ಹಾಗಿರುವಾಗ ಸಾರಿಗೆ ಸಚಿವಾಲಯದ ವಾಹನ್ ರೀಕಾಲ್ ಪೋರ್ಟಲ್‌ನಲ್ಲಿ ದೂರು ದಾಖಲಿಸದೆ ಸರ್ವಿಸ್ ಸೆಂಟರ್‌ನಲ್ಲಿ ಜಗಳವಾಡಿ ಬರುವುದರಿಂದ ಆ ಲೆಕ್ಕಕ್ಕೆ ಏನೂ ಸೇರುವುದಿಲ್ಲ.

ಈವರೆಗೆ ನಾವು ಸುದ್ದಿಯಲ್ಲಿ ಓದುವ ಎಸ್‌ಯುವಿ ರೀಕಾಲ್‌ಗಳು ಹೆಚ್ಚಾಗಿ ಕಂಪನಿಗಳೇ ಘೋಷಿಸಿದವು. 2023ರ ಆಗಸ್ಟ್‌ನಲ್ಲಿ ಮಹೀಂದ್ರಾ 1,08,306 ಎಕ್ಸ್‌ಯುವಿ700 ಗಾಡಿಗಳ ಎಂಜಿನ್ ಭಾಗದ ವೈರಿಂಗ್ ಪರಿಶೀಲನೆಗೆ ಕರೆ ಕೊಟ್ಟದ್ದು ಹಾಗೆಯೇ. ಇಂಥ ಕರೆ ಸಾಮಾನ್ಯವಾಗಿ ಕಂಪನಿಯ ದಾಖಲೆಯಲ್ಲಿರುವ ಮಾಲೀಕನ ಫೋನಿಗೆ ಹೋಗುತ್ತದೆ. ಬೆಂಗಳೂರಿನಲ್ಲಿ ಕೊಂಡ ಗಾಡಿ ಕೈಬದಲಾಗಿ ಹಾಸನಕ್ಕೋ ಗದಗಕ್ಕೋ ಹೋಗಿದ್ದರೆ ಈಗ ಓಡಿಸುತ್ತಿರುವವರಿಗೆ ಅದು ತಲುಪದೆ ಇರಬಹುದು. ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಕಂಪನಿಯ ಜಾಲತಾಣದ ರೀಕಾಲ್ ಪುಟದಲ್ಲಿ ಹಾಕಿ ನೋಡಬೇಕು; ಅಂಥ ಪುಟ ಸಿಗದಿದ್ದರೆ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಅದೇ ನಂಬರ್ ಕೊಟ್ಟು, ಬಾಕಿ ರೀಕಾಲ್ ಇದೆಯೇ ಇಲ್ಲವೇ ಎಂಬುದನ್ನು ಜಾಬ್ ಕಾರ್ಡಿನ ಮೇಲೆ ಬರೆಸಿಕೊಳ್ಳಬೇಕು, ಜೊತೆಗೆ ನಿಮ್ಮ ಹೆಸರು ಮತ್ತು ಫೋನ್ ನಂಬರನ್ನು ಹಳೆಯ ಮಾಲೀಕರ ಜಾಗದಲ್ಲಿ ಸೇರಿಸಲು ಹೇಳಬೇಕು.